ಗೇಟಿನವರೆಗೆ ದಾರಿ: ಕೊಡಗಿನ ಹೋಂಸ್ಟೇ, ಜೀಪು, ಅಂಗಡಿಗಳ ವೆಬ್‌ಸೈಟ್ ಮತ್ತು ಆ್ಯಪ್‌ಗಳಿಗೆ ಲೊಕೇಶನ್ ಸೇವೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಕುಶಾಲನಗರದ ಬಸ್ ನಿಲ್ದಾಣದಲ್ಲಿ ನಿಂತು ‘ಹತ್ತಿರದ ಹೋಂಸ್ಟೇ’ ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಪಟ್ಟಿ ಬರುತ್ತದೆ. ಅದೇ ಮಾತನ್ನು ಗೋಣಿಕೊಪ್ಪದಲ್ಲಿ ನಿಂತು ಹುಡುಕಿದರೆ ಬೇರೆಯೇ ಪಟ್ಟಿ. ಹುಡುಕಿದವರು ಊರಿನ ಹೆಸರನ್ನು ಎಲ್ಲಿಯೂ ಬರೆದಿಲ್ಲ, ಅದನ್ನು ಫೋನೇ ಹೇಳಿಬಿಟ್ಟಿದೆ. ಒಂದು ಕಾಲದಲ್ಲಿ ವೆಬ್‌ಸೈಟ್ ಎಂದರೆ ಬಂದವರಿಗೆಲ್ಲ ಒಂದೇ ಪುಟ ತೋರಿಸುತ್ತಿತ್ತು. ಇಂದು ಯಾವ ಅಂಗಡಿ ಮೇಲೆ ಬರಬೇಕು, ಯಾವ ಊಟ ಮನೆಗೆ ತಲುಪುತ್ತದೆ, ಯಾವ ವಾಹನ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂಬುದೆಲ್ಲ ನೋಡುವವರು ನಿಂತ ಜಾಗದ ಮೇಲೆ ನಿರ್ಧಾರವಾಗುತ್ತದೆ.

ಈ ವಿಷಯದಲ್ಲಿ ಸಿಗುವ ಹೆಚ್ಚಿನ ಮಾರ್ಗದರ್ಶಿಗಳು ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮನೆಗೆ ನಂಬರ್ ಇರುತ್ತದೆ, ಬೀದಿಗೆ ಹೆಸರು ಇರುತ್ತದೆ, ನೆಟ್‌ವರ್ಕ್ ತಪ್ಪದೆ ಇರುತ್ತದೆ ಎಂದು ಅವು ಹೇಳದೆಯೇ ಒಪ್ಪಿಕೊಂಡಿರುತ್ತವೆ. ಕೊಡಗಿನಲ್ಲಿ ಈ ಮೂರೂ ಕೈಕೊಡುತ್ತವೆ. ಇಲ್ಲಿನ ವಿಳಾಸ ‘ಗ್ರಾಮ ಮತ್ತು ಅಂಚೆ’ ಎಂಬಲ್ಲಿಗೆ ಮುಗಿಯುತ್ತದೆ. ಮನೆ ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ ಇರುತ್ತದೆ. ಸಿಗ್ನಲ್ ಮನೆಯ ಒಂದು ಮೂಲೆಯಲ್ಲಿ ಸಿಕ್ಕರೆ ಅದೃಷ್ಟ. ಆದ್ದರಿಂದ ಇಲ್ಲಿ ಕೆಲಸದ ಕ್ರಮ ಬದಲಾಗಬೇಕು: ಮೊದಲು ನೆಲದ ಮೇಲಿನ ಕೆಲಸ, ಆಮೇಲೆ ಪರದೆಯ ಮೇಲಿನದು. ಹೋಂಸ್ಟೇ ನಡೆಸುವವರು, ಜೀಪು ಓಡಿಸುವವರು, ಕಾಫಿಪುಡಿ ಮತ್ತು ಜೇನು ಮಾರುವವರು ಹಾಗೂ ಅವರಿಗೆ ವೆಬ್‌ಸೈಟ್ ಮಾಡಿಕೊಡುವ ಇಲ್ಲಿನ ಹುಡುಗ ಹುಡುಗಿಯರು, ಎಲ್ಲರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಫೋನಿಗೆ ತನ್ನ ಜಾಗ ಗೊತ್ತಾಗುವ ಬಗೆ

ಇದು ಅರ್ಥವಾಗದೆ ಮುಂದೆ ಹೋದರೆ ಪ್ರತಿ ತೊಂದರೆಗೂ ‘ಮ್ಯಾಪ್ ಸರಿಯಿಲ್ಲ’ ಎಂದು ಬೈದು ಸುಮ್ಮನಾಗಬೇಕಾಗುತ್ತದೆ. ಫೋನು ನಾಲ್ಕು ಮೂಲಗಳಿಂದ ತನ್ನ ಜಾಗವನ್ನು ಅಂದಾಜು ಮಾಡುತ್ತದೆ.

ಒಂದು, ಉಪಗ್ರಹ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು ಕಳುಹಿಸುವ ಸಮಯದ ಸಂಕೇತ ತನ್ನನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತೆಂದು ಫೋನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ತಪ್ಪಿದಂತೆ. ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಿಸಬೇಕು. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೇಯ್‌ಡೌ ಇವುಗಳನ್ನೂ ಇಂದಿನ ಫೋನುಗಳು ಜೊತೆಗೆ ಬಳಸುತ್ತವೆ. ನಮ್ಮದೇ ಆದ ನಾವಿಕ್ ಕೂಡ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಅದರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲಿಯೇ. ಎಲ್ಲ ಫೋನುಗಳ ಚಿಪ್ಪಿನಲ್ಲಿ ನಾವಿಕ್ ಇರುವುದಿಲ್ಲ, ಅಷ್ಟೇ.

ಎರಡನೆಯದು ಮೊಬೈಲ್ ಟವರ್, ಮೂರನೆಯದು ಸುತ್ತಲಿನ ವೈಫೈ. ನಗರದಲ್ಲಿ ಇವೆರಡೂ ಸೇರಿ ಕಟ್ಟಡದ ಒಳಗೂ ಚೆನ್ನಾಗಿ ಜಾಗ ಹೇಳುತ್ತವೆ. ತೋಟದ ನಡುವೆ ಇರುವುದು ದೂರದ ಒಂದೇ ಟವರ್, ವೈಫೈ ಎಂದರೆ ನಿಮ್ಮದೊಂದೇ. ಹಾಗಾಗಿ ತಪ್ಪು ಕಿಲೋಮೀಟರ್‌ಗಳ ಲೆಕ್ಕಕ್ಕೆ ಹೋಗಬಹುದು. ನಾಲ್ಕನೆಯದು ಐಪಿ ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ನಿಮ್ಮ ಸಂಪರ್ಕಕ್ಕೆ ಕೊಡುವ ಸಂಖ್ಯೆ. ಮೊಬೈಲ್ ಡೇಟಾ ಬಳಸುವವರ ವಿಷಯದಲ್ಲಿ ಇದನ್ನು ನಂಬಲೇಬೇಡಿ. ಸೋಮವಾರಪೇಟೆಯಲ್ಲಿ ಕುಳಿತವರನ್ನು ಬೆಂಗಳೂರಿನವರೆಂದು ತೋರಿಸುವುದು ಇದೇ. ಐಪಿ ನೋಡಿ ಪುಟದ ಭಾಷೆ ಅಥವಾ ಊರನ್ನು ತಾನಾಗಿಯೇ ಬದಲಿಸುವ ವೆಬ್‌ಸೈಟ್‌ಗಳು ಕೊಡಗಿನವರಿಗೆ ಕೊಡುವ ಕಿರಿಕಿರಿ ಇಷ್ಟೇ ಎಂದು ಹೇಳಲಾಗದು.

ಒಂದು ಮಾತು ನೆನಪಿರಲಿ: ಉಪಗ್ರಹದಿಂದ ಜಾಗ ತಿಳಿಯಲು ಇಂಟರ್ನೆಟ್ ಬೇಕಾಗಿಲ್ಲ. ಇಂಟರ್ನೆಟ್ ಇದ್ದರೆ ಉಪಗ್ರಹಗಳ ಈಗಿನ ಸ್ಥಾನದ ಪಟ್ಟಿ ಬೇಗ ಸಿಕ್ಕಿ ಕೆಲವೇ ಸೆಕೆಂಡಿನಲ್ಲಿ ಜಾಗ ಗೊತ್ತಾಗುತ್ತದೆ. ಇಲ್ಲದಿದ್ದರೆ ಅದೇ ಪಟ್ಟಿಯನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು, ಅದಕ್ಕೆ ಬಯಲಿನಲ್ಲಿ ಅರ್ಧ ನಿಮಿಷದ ಮೇಲೆ ಹಿಡಿಯುತ್ತದೆ. ಬೀಟೆ, ಹಲಸು, ಸಿಲ್ವರ್ ಓಕ್ ಮರಗಳ ದಟ್ಟ ನೆರಳಿನಲ್ಲಿ, ಎರಡು ಬೆಟ್ಟಗಳ ನಡುವಿನ ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಮ್ಯಾಪ್ ತೆರೆದಾಗ ನೀಲಿ ಚುಕ್ಕೆಯ ಸುತ್ತ ಕಾಣುವ ತಿಳಿನೀಲಿ ವೃತ್ತವನ್ನು ಗಮನಿಸಿ. ಅದು ಫೋನಿನ ಅನುಮಾನದ ಅಳತೆ. ಗದ್ದೆಯ ಬದಿಯಲ್ಲಿ ನಿಂತರೆ ಆ ವೃತ್ತ ಚುಕ್ಕೆಯೊಳಗೇ ಮುಚ್ಚಿಹೋಗಿರುತ್ತದೆ. ಅಲ್ಲಿಂದ ತೋಟದೊಳಗೆ ನಡೆದು ಹೋಗಿ, ವೃತ್ತ ಅಗಲವಾಗುತ್ತಾ ಚುಕ್ಕೆ ನೀವು ನಿಲ್ಲದ ಜಾಗಕ್ಕೆ ಜಾರುತ್ತಾ ಹೋಗುವುದು ಕಾಣಿಸುತ್ತದೆ.

ಮೊದಲ ಹೆಜ್ಜೆ: ಪಿನ್ ಊರುವುದು, ಮನೆಗಲ್ಲ, ಗೇಟಿಗೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ.

ಎಲ್ಲರೂ ಮಾಡುವುದೇನೆಂದರೆ ಉಪಗ್ರಹ ಚಿತ್ರದಲ್ಲಿ ತಮ್ಮ ಮನೆಯ ಹೆಂಚಿನ ಮಾಡು ಹುಡುಕಿ ಅದರ ನೆತ್ತಿಯ ಮೇಲೆ ಪಿನ್ ಇಡುವುದು. ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ದಾರಿ ತೋರಿಸುವ ತಂತ್ರಾಂಶಕ್ಕೆ ಮನೆ ಬೇಕಾಗಿಲ್ಲ. ಅದು ಪಿನ್ನಿನ ಹತ್ತಿರ ತನಗೆ ಗೊತ್ತಿರುವ ರಸ್ತೆ ಯಾವುದೆಂದು ಹುಡುಕಿ ಅಲ್ಲಿಗೆ ಪ್ರಯಾಣವನ್ನು ಮುಗಿಸುತ್ತದೆ. ಈಗ ಒಂದು ತೋಟವನ್ನು ಕಣ್ಣಮುಂದೆ ತಂದುಕೊಳ್ಳಿ. ಮನೆಗೆ ಹೋಗುವ ದಾರಿ ಪೂರ್ವದ ಡಾಂಬರು ರಸ್ತೆಯಿಂದ ಆರುನೂರು ಮೀಟರ್. ಅದು ಖಾಸಗಿ ಮಣ್ಣುದಾರಿ, ಮ್ಯಾಪಿನಲ್ಲಿ ಇಲ್ಲ. ಮನೆಯ ಹಿಂದೆ ಪಶ್ಚಿಮಕ್ಕೆ ಇನ್ನೂರು ಮೀಟರ್ ದೂರದಲ್ಲಿ ಇನ್ನೊಂದು ಪಂಚಾಯಿತಿ ರಸ್ತೆ ಇದೆ, ಅದು ಮ್ಯಾಪಿನಲ್ಲಿದೆ. ಮಧ್ಯೆ ಒಂದು ತೋಡು, ಅದರಾಚೆ ಬೇರೆಯವರ ತೋಟ, ಆನೆ ಬರದಂತೆ ಎಳೆದ ಸೋಲಾರ್ ಬೇಲಿ. ಬೆಂಗಳೂರಿನಿಂದ ಹೊರಟ ಅತಿಥಿಗಳು ರಾತ್ರಿ ಒಂಬತ್ತಕ್ಕೆ ಆ ಪಶ್ಚಿಮದ ರಸ್ತೆಗೆ ಬಂದು ನಿಲ್ಲುತ್ತಾರೆ. ‘ನೀವು ತಲುಪಿದ್ದೀರಿ’ ಎಂದು ಫೋನು ಹೇಳುತ್ತದೆ. ಎದುರಿಗೆ ಬೀಗ ಹಾಕಿದ ಗೇಟು, ಒಳಗಿನಿಂದ ನಾಯಿಗಳ ಬೊಗಳು, ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಹಿಂದೆ ತಿರುಗಿಸಿಕೊಳ್ಳಲು ಜಾಗವೂ ಇಲ್ಲದ ರಸ್ತೆ.

ಇದಕ್ಕೆ ಪರಿಹಾರ ಸರಳ. ನಿಮ್ಮ ದಾರಿ ಮುಖ್ಯರಸ್ತೆಯಿಂದ ಕವಲೊಡೆಯುವ ಗೇಟಿನ ಬಳಿ ಹೋಗಿ ನಿಲ್ಲಿ. ಫೋನಿನಲ್ಲಿ ಲೊಕೇಶನ್ ಚಾಲೂ ಮಾಡಿ, ಆಕಾಶ ಕಾಣುವಂತೆ ಒಂದೆರಡು ನಿಮಿಷ ಕಾಯಿರಿ. ತಿಳಿನೀಲಿ ವೃತ್ತ ಕುಗ್ಗಿದ ಮೇಲೆ ಚುಕ್ಕೆಯ ಮೇಲೆ ಒತ್ತಿ ಹಿಡಿದು, ಕಾಣುವ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಎರಡೂ ಹತ್ತಿಪ್ಪತ್ತು ಮೀಟರ್ ಒಳಗೆ ಹೊಂದಿಕೊಂಡರೆ ಸಾಕು. ಪಿನ್ ಇರಬೇಕಾದದ್ದು ಅಲ್ಲಿ. ಗೇಟಿನಿಂದ ಮನೆಯವರೆಗಿನ ದಾರಿಯನ್ನು ಮಾತಿನಲ್ಲಿ ಹೇಳಬಹುದು.

ಅಂಕಿಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳಿವೆ. ದಶಮಾಂಶದ ನಂತರ ಐದು ಸ್ಥಾನ ಇರಲಿ. ಐದನೆಯ ಸ್ಥಾನ ಎಂದರೆ ಸುಮಾರು ಒಂದು ಮೀಟರ್, ಮೂರನೆಯದು ನೂರಕ್ಕೂ ಹೆಚ್ಚು ಮೀಟರ್. ಹತ್ತು ಸ್ಥಾನ ಬರೆದರೆ ನಿಖರತೆ ಹೆಚ್ಚುವುದಿಲ್ಲ, ಬರೆದವರ ಉತ್ಸಾಹ ಮಾತ್ರ ಕಾಣುತ್ತದೆ. ಎರಡನೆಯದು, ಡಿಗ್ರಿ-ನಿಮಿಷದ ಬರಹವನ್ನು ದಶಮಾಂಶವೆಂದು ತಿಳಿಯಬಾರದು. ಮಡಿಕೇರಿ 12 ಡಿಗ್ರಿ 25 ನಿಮಿಷದ ಆಸುಪಾಸಿನಲ್ಲಿದೆ, ಅಂದರೆ 12.42. ಅದನ್ನೇ 12.25 ಎಂದು ಬರೆದರೆ ಮಡಿಕೇರಿಯ ಅಂಗಡಿ ವಿರಾಜಪೇಟೆಯ ದಿಕ್ಕಿಗೆ ಹದಿನೆಂಟು ಕಿಲೋಮೀಟರ್ ಸರಿದುಬಿಡುತ್ತದೆ. ಮೂರನೆಯದು ವೆಬ್‌ಸೈಟ್ ಮಾಡುವವರಿಗೆ: ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಜಿಯೋಜೇಸನ್ ಮಾದರಿಯ ಕಡತಗಳು ರೇಖಾಂಶವನ್ನು ಮೊದಲು ಕೇಳುತ್ತವೆ. ಮಡಿಕೇರಿಯ 12.42, 75.74 ತಿರುಗುಮುರುಗಾದರೆ ಪಿನ್ ಹೋಗಿ ಬೀಳುವುದು ನಾರ್ವೆಗೂ ಉತ್ತರದ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ. ಅಲ್ಲಿ ರೋಬಸ್ಟಾ ಬೆಳೆಯುವುದಿಲ್ಲ.

ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳುವುದು ಕಷ್ಟ ಎನ್ನುವವರಿಗೆ ಎರಡು ದಾರಿಗಳಿವೆ. ಗೂಗಲ್‌ನ ಪ್ಲಸ್ ಕೋಡ್, ಅಂದರೆ ಜಾಗಕ್ಕೊಂದು ಚಿಕ್ಕ ಅಕ್ಷರ-ಅಂಕಿಗಳ ಗುರುತು, ಹಿಂದಿನಿಂದಲೂ ಇದೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಟ್ಟಿದ್ದಾರೆ. ಮನೆ ನಂಬರ್ ಇಲ್ಲದ ನಮ್ಮಂಥ ಜಿಲ್ಲೆಗೆ ಇದು ನಿಜವಾಗಿಯೂ ಒದಗುವ ವಸ್ತು. ಗೇಟಿನ ಡಿಜಿಪಿನ್ ತೆಗೆದು ವಿಳಾಸದ ಕೊನೆಯ ಸಾಲಿಗೆ ಸೇರಿಸಿಬಿಡಿ.

ಎರಡನೆಯ ಹೆಜ್ಜೆ: ಸಾರ್ವಜನಿಕ ಮ್ಯಾಪ್‌ಗಳಲ್ಲಿ ಸೇರುವುದು

ನಿಮ್ಮ ವೆಬ್‌ಸೈಟ್ ಎಷ್ಟೇ ಚಂದವಿದ್ದರೂ ಜನ ಮೊದಲು ನೋಡುವುದು ಗೂಗಲ್ ಮ್ಯಾಪ್ಸ್. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಜಾಗ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಗೂಗಲ್ ನಿಮ್ಮ ಫಲಕ, ಗೇಟು, ಒಳಭಾಗ ಕಾಣುವಂತೆ ವಿಡಿಯೋ ಕೇಳಬಹುದು, ಆದ್ದರಿಂದ ಫಲಕ ಹಾಕಿಸಿದ ಮೇಲೆಯೇ ಅರ್ಜಿ ಹಾಕುವುದು ಜಾಣತನ. ಹುಡುಕಾಟದಲ್ಲಿ ಯಾರು ಮೇಲೆ ಬರುತ್ತಾರೆ ಎಂಬುದಕ್ಕೆ ಗೂಗಲ್ ಹೇಳುವ ಕಾರಣಗಳು ಮೂರು: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರವಿದ್ದೀರಿ, ಎಷ್ಟು ಹೆಸರಾಗಿದ್ದೀರಿ. ದೂರ ನಿಮ್ಮ ಕೈಯಲ್ಲಿಲ್ಲ. ಹತ್ತಿರವೆಂದು ತೋರಿಸಿಕೊಳ್ಳಲು ಮಡಿಕೇರಿ ಪೇಟೆಯ ನಡುವೆ ಸುಳ್ಳು ಪಿನ್ ಇಡುವವರಿದ್ದಾರೆ. ಅಂಥವರ ಅತಿಥಿಗಳು ಪೇಟೆಗೆ ಬಂದು, ಅಲ್ಲಿಂದ ಇನ್ನೂ ಇಪ್ಪತ್ತು ಕಿಲೋಮೀಟರ್ ಇದೆ ಎಂದು ತಿಳಿದು, ಒಂದು ನಕ್ಷತ್ರದ ವಿಮರ್ಶೆ ಬರೆದು ಹೋಗುತ್ತಾರೆ. ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ಮಾಂದಲಪಟ್ಟಿಗೆ ಜೀಪು ಓಡಿಸುವವರಿಗೆ ಕಚೇರಿ ಇರುವುದಿಲ್ಲ, ಮನೆ ವಿಳಾಸ ಎಲ್ಲರಿಗೂ ಕಾಣಬೇಕಾಗಿಯೂ ಇಲ್ಲ. ಅಂಥವರು ವಿಳಾಸವನ್ನು ಮರೆಮಾಡಿ ‘ಸೇವಾ ಪ್ರದೇಶ’ ಮಾತ್ರ ತೋರಿಸುವ ಆಯ್ಕೆಯನ್ನು ಬಳಸಬೇಕು.

ಗೂಗಲ್ ಒಂದಕ್ಕೇ ನಿಲ್ಲಬೇಡಿ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪ್. ಚಾರಣಿಗರು ಬಳಸುವ ಆಫ್‌ಲೈನ್ ಆ್ಯಪ್‌ಗಳು ಬಹುಪಾಲು ಇದರ ಮೇಲೆಯೇ ನಡೆಯುತ್ತವೆ. ಖಾತೆ ತೆರೆದು ನಿಮ್ಮ ತೋಟದ ಖಾಸಗಿ ದಾರಿಯನ್ನು ‘ಖಾಸಗಿ’ ಎಂಬ ಗುರುತಿನೊಂದಿಗೆ ಎಳೆಯಬಹುದು, ಗೇಟು ಸೇರಿಸಬಹುದು, ಊರಿನ ಹೆಸರನ್ನು ಕನ್ನಡದಲ್ಲಿ ತುಂಬಬಹುದು. ಮೇಲೆ ಹೇಳಿದ ಪಶ್ಚಿಮದ ರಸ್ತೆಯ ಎಡವಟ್ಟಿಗೆ ನಿಜವಾದ ಮದ್ದು ಇದೇ: ದಾರಿಯೇ ಮ್ಯಾಪಿಗೆ ಸೇರಿದರೆ ಆ ಮ್ಯಾಪನ್ನು ಬಳಸುವ ಆ್ಯಪ್‌ಗಳು ಅಡ್ಡದಾರಿ ಹಿಡಿಯುವುದಿಲ್ಲ. ಹೆಸರುಗಳ ಗೊಂದಲವನ್ನೂ ಇಲ್ಲಿಯೇ ನೋಡಿಕೊಳ್ಳಿ. ನಮ್ಮ ಸಿದ್ದಾಪುರವನ್ನು ಹುಡುಕಿದರೆ ಉತ್ತರ ಕನ್ನಡದ ತಾಲ್ಲೂಕು ಕೇಂದ್ರ ಬರಬಹುದು, ನಮ್ಮ ಬೆಟ್ಟಗೇರಿ ಎಂದರೆ ಗದಗದ ಬೆಟಗೇರಿ. ನಿಮ್ಮ ಎಲ್ಲ ಬರಹದಲ್ಲೂ ಊರಿನ ಜೊತೆ ತಾಲ್ಲೂಕು, ಕೊಡಗು ಜಿಲ್ಲೆ, ಪಿನ್‌ಕೋಡ್ ಇರಲೇಬೇಕು.

ಮೂರನೆಯ ಹೆಜ್ಜೆ: ವೆಬ್‌ಸೈಟ್

ಹೆಚ್ಚಿನ ಹೋಂಸ್ಟೇಗಳ ಪುಟದಲ್ಲಿ ದೊಡ್ಡದೊಂದು ಮ್ಯಾಪ್ ತಾನಾಗಿಯೇ ತೆರೆದುಕೊಳ್ಳುತ್ತದೆ. ನಾಪೋಕ್ಲು ದಾಟಿದ ಮೇಲೆ ಬಡಕಲು ಸಿಗ್ನಲ್‌ನಲ್ಲಿ ಆ ಪುಟ ತೆರೆಯುವವರ ಪಾಡು ಯೋಚಿಸಿ. ಮೊದಲು ಬರಬೇಕಾದದ್ದು ಬರಹ: ವಿಳಾಸ, ಗೇಟಿನ ಅಂಕಿಗಳು, ಡಿಜಿಪಿನ್, ಫೋನ್ ನಂಬರ್, ನಾಲ್ಕು ಸಾಲಿನ ದಾರಿ ವಿವರ. ಅದರ ಕೆಳಗೆ ‘ದಾರಿ ತೋರಿಸು’ ಎಂಬ ಗುಂಡಿ, ಒತ್ತಿದರೆ ಫೋನಿನ ಮ್ಯಾಪ್ ಆ್ಯಪ್ ತೆರೆಯಬೇಕು. ಚಿತ್ರದ ಮ್ಯಾಪ್ ಬೇಕೆಂದವರು ಒತ್ತಿದಾಗ ಮಾತ್ರ ಬರಲಿ. ಗೂಗಲ್ ಮ್ಯಾಪ್‌ನ ಕೀ (ಅವರ ಮ್ಯಾಪನ್ನು ನಿಮ್ಮ ಪುಟದಲ್ಲಿ ಬಳಸಲು ಗೂಗಲ್ ಕೊಡುವ ಗುಪ್ತ ಗುರುತು) ಬಳಸುತ್ತಿದ್ದರೆ ಅದು ನಿಮ್ಮ ವೆಬ್‌ಸೈಟಿನ ವಿಳಾಸಕ್ಕೆ ಮಾತ್ರ ಕೆಲಸ ಮಾಡುವಂತೆ ಬಿಗಿ ಮಾಡಿ, ಇಲ್ಲವಾದರೆ ಬೇರೆಯವರು ಬಳಸಿದ ಬಿಲ್ಲು ನಿಮಗೆ ಬರುತ್ತದೆ. ಸಣ್ಣ ಕೆಲಸಕ್ಕೆ ಲೀಫ್‌ಲೆಟ್ (ಪುಟದಲ್ಲಿ ಮ್ಯಾಪ್ ತೋರಿಸುವ ಉಚಿತ ತಂತ್ರಾಂಶ) ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ಜೋಡಿ ಸಾಕು. ಮ್ಯಾಪಿನ ಮೂಲೆಯಲ್ಲಿ ಅವರ ಹೆಸರು ಹಾಕುವುದು ಪರವಾನಗಿಯ ಷರತ್ತು, ಅದನ್ನು ಅಳಿಸಬಾರದು. ಪುಟದ ಒಳಗೆ ಹುಡುಕುಯಂತ್ರಗಳು ಓದುವಂಥ ಸ್ಕೀಮಾ ಮಾಹಿತಿಯಲ್ಲಿ ಹೆಸರು, ವಿಳಾಸ, ಅಕ್ಷಾಂಶ, ರೇಖಾಂಶ ಸೇರಿಸಿ. ಅದು ಗೂಗಲ್ ಪ್ರೊಫೈಲಿನಲ್ಲಿ ಇರುವುದಕ್ಕೆ ಅಕ್ಷರಶಃ ಹೊಂದಬೇಕು.

ಈಗ, ನೋಡುವವರ ಜಾಗವನ್ನು ಕೇಳುವ ವಿಷಯ. ಇದು ಬ್ರೌಸರ್‌ನ ಜಿಯೋಲೊಕೇಶನ್ ಸೌಲಭ್ಯದಿಂದ ಆಗುತ್ತದೆ. ವೆಬ್‌ಸೈಟಿಗೆ ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕ, ಇಲ್ಲದಿದ್ದರೆ ಬ್ರೌಸರ್ ಕೊಡುವುದೇ ಇಲ್ಲ. ಕ್ರೋಮ್ ಈ ನಿಯಮವನ್ನು 2016ರಿಂದ ಪಾಲಿಸುತ್ತಿದೆ. ಪುಟ ತೆರೆದ ಕೂಡಲೇ ‘ನಿಮ್ಮ ಲೊಕೇಶನ್ ಕೊಡಿ’ ಎಂದು ಕೇಳುವುದು ಬಾಗಿಲು ತೆರೆಯುವ ಮೊದಲೇ ಆಧಾರ್ ಕೇಳಿದ ಹಾಗೆ. ಯಾಕೆ ಎಂದು ತಿಳಿಯದವರು ‘ಬೇಡ’ ಒತ್ತುತ್ತಾರೆ, ಬ್ರೌಸರ್ ಆ ನಿರಾಕರಣೆಯನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ನೀವು ಬೇಡಿಕೊಂಡರೂ ಪೆಟ್ಟಿಗೆ ಕಾಣಿಸುವುದಿಲ್ಲ. ಮೊದಲು ಒಂದು ಗುಂಡಿ ಇಡಿ. ಅದರ ಪಕ್ಕ ಹೀಗೆ ಬರೆಯಿರಿ: ‘ನೀವಿರುವಲ್ಲಿಂದ ನಮ್ಮ ಗೇಟಿಗೆ ಎಷ್ಟು ಹೊತ್ತು ಎಂದು ತಿಳಿಸಲು ಒಮ್ಮೆ ನಿಮ್ಮ ಜಾಗ ಬೇಕು. ನಾವು ಅದನ್ನು ಉಳಿಸಿಕೊಳ್ಳುವುದಿಲ್ಲ.’ ಗುಂಡಿ ಒತ್ತಿದ ಮೇಲೆ ಮಾತ್ರ ಬ್ರೌಸರ್‌ನ ಪೆಟ್ಟಿಗೆ ಬರಬೇಕು.

ಕೋಡ್ ಬರೆಯುವವರಿಗೆ ಇಲ್ಲಿ ಒಂದು ಗುಂಡಿ ಇದೆ, ಬೀಳುವ ಗುಂಡಿ. ಲೊಕೇಶನ್ ಕೇಳುವಾಗ ಎಷ್ಟು ಹೊತ್ತು ಕಾಯಬೇಕು ಎಂದು ಹೇಳದಿದ್ದರೆ ಬ್ರೌಸರ್ ಕೊನೆಯಿಲ್ಲದೆ ಕಾಯುತ್ತದೆ. ಕಕ್ಕಬ್ಬೆಯ ಕಣಿವೆಯಲ್ಲಿ ಕುಳಿತವರ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಕಾಯುವ ಮಿತಿಯನ್ನು ಹತ್ತು ಸೆಕೆಂಡಿಗೆ ಇಡಿ. ಐದು ನಿಮಿಷದೊಳಗಿನ ಹಳೆಯ ಜಾಗ ಸಿಕ್ಕರೆ ಅದನ್ನೇ ಒಪ್ಪಿಕೊಳ್ಳಿ. ದೂರ ತೋರಿಸಲು ಮಾತ್ರವಾದರೆ ‘ಹೆಚ್ಚಿನ ನಿಖರತೆ’ಯ ಆಯ್ಕೆ ಬೇಡ, ಅದು ಬ್ಯಾಟರಿ ತಿನ್ನುತ್ತದೆ. ಉತ್ತರದ ಜೊತೆ ಬರುವ ನಿಖರತೆಯ ಮೀಟರ್ ಲೆಕ್ಕವನ್ನು ಓದದೆ ಬಿಡಬೇಡಿ. ಅದು ಸಾವಿರ ಮೀಟರ್ ಮೇಲಿದ್ದರೆ ‘ಹತ್ತಿರದ ಜಾಗಗಳು’ ಎಂದು ಕ್ರಮವಾಗಿ ಜೋಡಿಸುವುದು ಸುಳ್ಳು ಹೇಳಿದಂತೆ. ಅನುಮತಿ ಇಲ್ಲ, ಜಾಗ ಸಿಗುತ್ತಿಲ್ಲ, ಹೊತ್ತು ಮೀರಿತು, ಈ ಮೂರು ಬಗೆಯ ಸೋಲಿಗೂ ಒಂದೇ ಉತ್ತರ ಸಿದ್ಧವಿರಲಿ: ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪ, ಸಂಪಾಜೆ, ಕುಟ್ಟ ಎಂಬ ಪಟ್ಟಿ. ‘ನೀವು ಯಾವ ಕಡೆಯಿಂದ ಬರುತ್ತಿದ್ದೀರಿ?’ ಎಂದು ಕೇಳಿದರೆ ಜನ ಸಂತೋಷವಾಗಿ ಒತ್ತುತ್ತಾರೆ.

ದೂರವೆಂದರೆ ಯಾವ ದೂರ

ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು ದೂರ ಹೇಳುವ ಸೂತ್ರ ಎಲ್ಲ ಕಡೆ ಸಿಗುತ್ತದೆ. ಬಯಲುಸೀಮೆಯಲ್ಲಿ ಹೇಗೋ ನಡೆಯುತ್ತದೆ. ಮಡಿಕೇರಿಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಗೆರೆ ಎಳೆದರೆ ಸುಮಾರು ಮೂವತ್ತು ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಸುಳ್ಯದ ಮೇಲೆ ಹೋಗುವವರಿಗೆ ಅದು ಎರಡು ಪಟ್ಟಿಗಿಂತಲೂ ಹೆಚ್ಚು. ನಡುವೆ ಪುಷ್ಪಗಿರಿ ಸಾಲಿನ ಕಾಡು ಕುಳಿತಿದೆ, ಸೂತ್ರಕ್ಕೆ ಅದು ಕಾಣುವುದಿಲ್ಲ. ಆದ್ದರಿಂದ ದೂರವನ್ನು ರಸ್ತೆಯ ಲೆಕ್ಕದಲ್ಲಿ ತೆಗೆಯಿರಿ, ಅದಕ್ಕಿಂತಲೂ ಒಳ್ಳೆಯದು ಹೊತ್ತಿನ ಲೆಕ್ಕದಲ್ಲಿ ಹೇಳುವುದು. ಮ್ಯಾಪ್ ಹೇಳುವ ಹೊತ್ತಿಗೆ ಮಳೆಗಾಲದಲ್ಲಿ ನಿಮ್ಮ ಅನುಭವದ ಮೇಲೆ ಇನ್ನಷ್ಟು ಸೇರಿಸಿ, ಸೇರಿಸಿದ್ದೇವೆ ಎಂದು ಬರೆಯಿರಿ.

ಇದರ ಮೇಲೆ ರಸ್ತೆ ಇದೆಯೇ ಎಂಬ ಪ್ರಶ್ನೆಯೂ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿತು, ಹಲವು ಊರುಗಳ ಒಳರಸ್ತೆಗಳು ಕೊಚ್ಚಿಹೋದವು. ಆ ನಂತರದ ಮಳೆಗಾಲಗಳಲ್ಲೂ ಭಾರಿ ವಾಹನ ನಿರ್ಬಂಧ, ಘಾಟಿ ಬಂದ್ ಎಂಬುದು ನಮಗೆ ಹೊಸತಲ್ಲ. ಇಂಥ ಸುದ್ದಿ ಮ್ಯಾಪಿಗೆ ತಲುಪುವುದು ತಡ. ನಿಮ್ಮ ವೆಬ್‌ಸೈಟಿನ ತಲೆಯಲ್ಲಿ ಒಂದು ಸಾಲಿನ ಸೂಚನಾಪಟ್ಟಿ ಇಡಿ. ಅದನ್ನು ಫೋನಿನಿಂದಲೇ ಬದಲಿಸಲು ಬರುವಂತಿರಲಿ, ಪಕ್ಕದಲ್ಲಿ ಬರೆದ ದಿನ ಮತ್ತು ಹೊತ್ತು ತಾನಾಗಿ ಬರಲಿ. ‘ಭಾಗಮಂಡಲ ಸಂಗಮದಲ್ಲಿ ನೀರು ಏರಿದೆ, ಈ ಕಡೆಯಿಂದ ಬನ್ನಿ’ ಎಂಬ ಸಾಲಿಗೆ ದಿನಾಂಕವಿಲ್ಲದಿದ್ದರೆ ಅದು ಜನವರಿಯಲ್ಲೂ ಅಲ್ಲಿಯೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಆ್ಯಪ್ ಬೇಕೇ?

ಬಹಳ ಜನರಿಗೆ ಬೇಡ. ಎರಡು ರಾತ್ರಿ ತಂಗಲು ಬರುವವರು ನಿಮ್ಮ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಆ್ಯಪ್ ಅಗತ್ಯವಾಗುವುದು ಓಡಾಡುವ ವಸ್ತುವನ್ನು ತೋರಿಸಬೇಕಾದಾಗ: ಜೀಪು ಎಲ್ಲಿದೆ, ಶಾಲಾ ವ್ಯಾನು ಎಲ್ಲಿಗೆ ಬಂತು, ಹಾಲಿನ ಗಾಡಿ ಯಾವ ತಿರುವಿನಲ್ಲಿದೆ.

ಅನುಮತಿಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗಿವೆ, ಅದು ಒಳ್ಳೆಯದೇ. ಆಂಡ್ರಾಯ್ಡ್ 10ರಿಂದ, ಆ್ಯಪ್ ಮುಚ್ಚಿದ್ದಾಗಲೂ ಜಾಗ ತಿಳಿಯಬೇಕಾದರೆ ಪ್ರತ್ಯೇಕವಾದ ‘ಹಿನ್ನೆಲೆ’ಯ ಅನುಮತಿ ಬೇಕು. ಆಂಡ್ರಾಯ್ಡ್ 12ರಿಂದ ಬಳಕೆದಾರರು ‘ನಿಖರ’ ಅಥವಾ ‘ಅಂದಾಜು’ ಎಂದು ಆರಿಸಿಕೊಳ್ಳಬಹುದು, ಐಫೋನಿನಲ್ಲಿ ಇದೇ ಆಯ್ಕೆ 2020ರಲ್ಲಿ ಬಂತು. ಅಂದಾಜು ಎಂದರೆ ಆಂಡ್ರಾಯ್ಡ್‌ನಲ್ಲಿ ಸುಮಾರು ಮೂರು ಚದರ ಕಿಲೋಮೀಟರ್ ಪ್ರದೇಶ. ಅಷ್ಟೇ ಕೊಟ್ಟವರಿಗೂ ನಿಮ್ಮ ಆ್ಯಪ್ ಕೆಲಸ ಮಾಡಬೇಕು. ಹವಾಮಾನ, ಹತ್ತಿರದ ಪೇಟೆ, ಹತ್ತಿರದ ಪೆಟ್ರೋಲ್ ಬಂಕ್ ಹೇಳಲು ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಜೀಪನ್ನು ತೋರಿಸಲು ಹಿನ್ನೆಲೆಯ ಅನುಮತಿ ಬೇಕಾದದ್ದು ಚಾಲಕರ ಫೋನಿಗೆ, ಪ್ರಯಾಣಿಕರ ಫೋನಿಗಲ್ಲ. ಇದನ್ನು ತಿಳಿಯದೆ ಇಬ್ಬರಿಂದಲೂ ಕೇಳುವ ಆ್ಯಪ್‌ಗಳು ಬೇಕಾದಷ್ಟಿವೆ.

ಜಿಯೋಫೆನ್ಸ್ ಎಂಬುದು ಮ್ಯಾಪಿನ ಮೇಲೆ ಎಳೆದ ಕಾಣದ ವೃತ್ತ. ಅದರೊಳಗೆ ಫೋನು ಬಂದರೆ ಅಥವಾ ಹೊರಗೆ ಹೋದರೆ ಸೂಚನೆ ಬರುತ್ತದೆ. ಒಂದು ಆ್ಯಪ್ ಆಂಡ್ರಾಯ್ಡ್‌ನಲ್ಲಿ ನೂರು, ಐಫೋನಿನಲ್ಲಿ ಇಪ್ಪತ್ತು ವೃತ್ತ ಇಟ್ಟುಕೊಳ್ಳಬಹುದು. ವೃತ್ತದ ತ್ರಿಜ್ಯ ಕನಿಷ್ಠ ನೂರರಿಂದ ನೂರೈವತ್ತು ಮೀಟರ್ ಇರಲಿ ಎಂಬುದು ಆಂಡ್ರಾಯ್ಡ್‌ನ ಸಲಹೆ. ವೈಫೈ ಇಲ್ಲದ ಹಳ್ಳಿಗಾಡಿಗೆ ಅದು ಸಾಲದು, ಇಲ್ಲಿ ನಾನೂರು ಐನೂರು ಮೀಟರ್ ಇಡಿ. ಸೂಚನೆ ಎರಡು ಮೂರು ನಿಮಿಷ ತಡವಾಗಿಯೂ ಬರಬಹುದು. ಅತಿಥಿಗಳು ಗೇಟಿಗೆ ಬಂದರೆಂದು ತಿಳಿಸಲು ಇದು ಸಾಕು. ಕಾಡಾನೆ ರಸ್ತೆಗಿಳಿದಿದೆ ಎಂದು ತಿಳಿಸಲು ಸಾಲದು. ಆ ಕೆಲಸಕ್ಕೆ ಡೇಟಾ ಬೇಡದ ದಾರಿಯೇ ಮೇಲು. ತಮಿಳುನಾಡಿನ ವಾಲ್ಪಾರೈ ತೋಟಗಳಲ್ಲಿ ಆನೆ ಇರುವ ಜಾಗವನ್ನು ಎಸ್‌ಎಂಎಸ್ ಮೂಲಕ, ದೂರದಿಂದ ಕಾಣುವ ಕೆಂಪು ದೀಪಗಳ ಮೂಲಕ ತಿಳಿಸುವ ವ್ಯವಸ್ಥೆ ಹೆಸರಾದದ್ದು ಇದೇ ಕಾರಣಕ್ಕೆ.

ಇನ್ನೊಂದು ಬಳಕೆ ನನಗೆ ಹಿಡಿಸುವುದಿಲ್ಲ. ಕಾರ್ಮಿಕರ ಹಾಜರಿಯನ್ನು ತೋಟದ ಜಿಯೋಫೆನ್ಸ್‌ನಿಂದ ಹಾಕುವ ಆ್ಯಪ್‌ಗಳನ್ನು ಮಾರಲು ಬರುತ್ತಾರೆ. ಮರದ ಕೆಳಗೆ ಫೋನು ನಲವತ್ತು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಬೇಲಿಯಂಚಿನ ಗಿಡದಲ್ಲಿ ಹಣ್ಣು ಕೊಯ್ಯುತ್ತಿರುವವರು ಆಗ ಲೆಕ್ಕದಲ್ಲಿ ತೋಟದ ಹೊರಗಿರುತ್ತಾರೆ. ಉಪಗ್ರಹದ ತಪ್ಪಿಗೆ ಕೂಲಿ ಕತ್ತರಿಸುವ ಯಂತ್ರಕ್ಕಿಂತ ತೋಟದ ಲೆಕ್ಕ ಬರೆಯುವ ರೈಟರ್ ಕೈಯ ಪುಸ್ತಕ ಎಷ್ಟೋ ನ್ಯಾಯವಾದದ್ದು.

ಐದನೆಯ ಹೆಜ್ಜೆ: ಸಿಗ್ನಲ್ ಇಲ್ಲದಾಗ

ಬುಕಿಂಗ್ ಖಚಿತವಾದ ಕೂಡಲೇ ಅತಿಥಿಗಳಿಗೆ ಹೋಗುವ ಸಂದೇಶದಲ್ಲಿ ಎಲ್ಲವೂ ಇರಬೇಕು, ಅದೂ ಬರಹದಲ್ಲಿ. ಗೇಟಿನ ಅಂಕಿಗಳು, ಕೊನೆಯ ಸಿಗ್ನಲ್ ಸಿಗುವ ಊರು, ಅಲ್ಲಿಂದ ಮುಂದಿನ ತಿರುವುಗಳು. ‘ಬಸ್ ತಂಗುದಾಣ ದಾಟಿ ಎಡಕ್ಕೆ, ಸೇತುವೆಯ ನಂತರ ಹಸಿರು ಗೇಟು’ ಎಂಬ ಸಾಲು ರಾತ್ರಿಯಲ್ಲಿ ಯಾವ ಆ್ಯಪಿಗಿಂತಲೂ ನಂಬಿಗಸ್ತ. ಕೊಡಗಿನ ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ ಎಂದು ಹೇಳಿ. ಗೂಗಲ್ ಮ್ಯಾಪ್ಸ್ ಹೀಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ವಾಹನದ ದಾರಿ ಹೇಳುತ್ತದೆ. ತಡಿಯಂಡಮೋಳ್ ಹತ್ತುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್ ಹೆಚ್ಚು ಒದಗುತ್ತವೆ, ಕಾಲುದಾರಿಗಳು ಅವುಗಳಲ್ಲಿ ಉತ್ತಮವಾಗಿ ಸಿಗುತ್ತವೆ. ವೆಬ್‌ಸೈಟಿನ ‘ಬರುವ ದಾರಿ’ ಪುಟವನ್ನು ಒಮ್ಮೆ ತೆರೆದವರಿಗೆ ಮತ್ತೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಬ್ರೌಸರ್‌ನಲ್ಲಿ ಉಳಿಸುವುದು ಇಂದು ಕಷ್ಟದ ಕೆಲಸವಲ್ಲ, ಮಾಡುವವರನ್ನು ಕೇಳಿ ಮಾಡಿಸಿಕೊಳ್ಳಿ.

ಆರನೆಯ ಹೆಜ್ಜೆ: ಬೇರೆಯವರ ಜಾಗ ನಿಮ್ಮ ಬಳಿ ಇದ್ದಾಗ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯನ್ನು ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಹೇಳಿಯೇ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲು ಅವಕಾಶ ಇರಬೇಕು. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಹಾಗಾಗಿ ‘ಎಲ್ಲ ಷರತ್ತುಗಳಿಗೂ ಒಪ್ಪಿದ್ದೇನೆ’ ಎಂಬ ಇಂಗ್ಲಿಷ್ ಪೆಟ್ಟಿಗೆಯ ಕಾಲ ಮುಗಿಯುತ್ತಿದೆ.

ಉಳಿಸಲೇಬೇಕಾದರೆ ದಶಮಾಂಶದ ಎರಡು ಸ್ಥಾನಕ್ಕೆ ಕತ್ತರಿಸಿ ಉಳಿಸಿ. ಯಾವ ಕಡೆಯಿಂದ ಹೆಚ್ಚು ಜನ ಬರುತ್ತಾರೆ ಎಂದು ತಿಳಿಯಲು ಒಂದು ಕಿಲೋಮೀಟರ್ ಲೆಕ್ಕ ಸಾಕು, ಅವರ ಮನೆ ಬಾಗಿಲು ನಿಮಗೆ ಬೇಡ. ಜೀಪಿನ ಓಡಾಟದ ದಾಖಲೆ ಪ್ರಯಾಣ ಮುಗಿದ ಮೇಲೆ ಅಳಿಸಿಹೋಗಲಿ. ನಿಮ್ಮ ಸ್ವಂತದ್ದನ್ನೂ ನೋಡಿಕೊಳ್ಳಿ: ಫೋನಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗದ ಅಂಕಿಗಳು ಸೇರಿರುತ್ತವೆ. ತೋಟದ ಗಂಧದ ಮರದ ಫೋಟೋವನ್ನು ಹಾಗೆಯೇ ವೆಬ್‌ಸೈಟಿಗೆ ಏರಿಸಿದರೆ ಕಳ್ಳರಿಗೆ ದಾರಿ ಕೇಳುವ ಶ್ರಮವೂ ಉಳಿಯುತ್ತದೆ. ಏರಿಸುವ ಮೊದಲು ಆ ಮಾಹಿತಿಯನ್ನು ತೆಗೆದುಹಾಕಿ.

ಕೊನೆಗೆ ಪರೀಕ್ಷೆ

ಕಚೇರಿಯಲ್ಲಿ ಕುಳಿತು ನೋಡಿದ್ದು ಪರೀಕ್ಷೆಯಲ್ಲ. ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಮಳೆಯಲ್ಲಿ ಒಮ್ಮೆ ನೋಡಬೇಕು. ಮೈಸೂರು ಕಡೆಯಿಂದ ಒಂದು ಸಲ, ಸಂಪಾಜೆ ಅಥವಾ ಮಾಕುಟ್ಟ ಕಡೆಯಿಂದ ಇನ್ನೊಂದು ಸಲ, ಏಕೆಂದರೆ ದಾರಿ ತೋರಿಸುವ ತಂತ್ರಾಂಶ ಬರುವ ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ಒಳರಸ್ತೆ ಹಿಡಿಸುತ್ತದೆ. ಅಗ್ಗದ ಫೋನಿನಲ್ಲಿ, ಬೇರೆ ಕಂಪನಿಯ ಸಿಮ್‌ನಲ್ಲಿ ನೋಡಿ. ವರ್ಷಕ್ಕೆರಡು ಸಲ, ಮೇ ಕೊನೆಯಲ್ಲಿ ಮತ್ತು ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವದ ಜನಸಂದಣಿಗೆ ಮೊದಲು, ಮತ್ತೆ ಪರಿಶೀಲಿಸಿ. ದಾರಿ ಬಲ್ಲವರನ್ನು ಈ ಕೆಲಸಕ್ಕೆ ಕಳುಹಿಸಬೇಡಿ, ಅವರು ಪರದೆ ನೋಡುವುದೇ ಇಲ್ಲ. ಎಂದೂ ನಿಮ್ಮ ಮನೆಗೆ ಬಾರದ ನೆಂಟರೊಬ್ಬರನ್ನು ಊಟಕ್ಕೆ ಕರೆಯಿರಿ, ದಾರಿ ಹೇಳದೆ ವೆಬ್‌ಸೈಟಿನ ವಿಳಾಸ ಮಾತ್ರ ಕೊಡಿ. ಎಲ್ಲಿ ವಾಹನ ನಿಲ್ಲಿಸಿದರು, ಎಲ್ಲಿ ಯಾರನ್ನು ಕೇಳಿದರು, ಫೋನ್ ಮಾಡಿ ಏನು ಕೇಳಿದರು ಎಂಬುದನ್ನೆಲ್ಲ ಬರೆದುಕೊಳ್ಳಿ. ಅವರು ಊಟ ಮುಗಿಸಿ ಹೊರಡುವ ಮೊದಲೇ ಆ ಉತ್ತರಗಳು ‘ಬರುವ ದಾರಿ’ ಪುಟಕ್ಕೆ ಸೇರಿರಲಿ.